ಮಾರ್ಲಿಯ ಸರಪಳಿ, ರನ್ನನ ಮರುಳುಗಳು



ಡಿಸೆಂಬರ್ ತಿಂಗಳು ಬಂದಿತೆಂದರೆ ನಿಮ್ಮಲ್ಲಿ ಒಬ್ಬಿಬ್ಬರಾದರೂ, ಬೆಂಗಳೂರಿನಿಂದಲೋ ಪುಣೆಯಿಂದಲೋ, ದೂರವಾಣಿಯಲ್ಲಿ ನನ್ನನ್ನು ಕೇಳುವುದುಂಟು: "ಸರ್, ಆ ಜಿಪುಣ ಮುದುಕನ ದೆವ್ವದ ಕಥಿ ನೆನಪೈತೇನ್ರಿ? ನಮ್ಮ ಮಕ್ಕಳಿಗೂ ಒಮ್ಮೆ ಹೇಳ್ರಿ." ನೆನಪಿಲ್ಲದೆ ಏನು? ಚಾರ್ಲ್ಸ್ ಡಿಕನ್ಸ್ ಬರೆದ 'ಎ ಕ್ರಿಸ್ಮಸ್ ಕ್ಯಾರೊಲ್' ಕಥೆಯನ್ನು ನಾನು ಮಹಾಲಿಂಗಪುರದಲ್ಲಿ ಮಾಸ್ತರಿಕೆ ಮಾಡಿದಷ್ಟು ಕಾಲವೂ ವರ್ಷಕ್ಕೊಮ್ಮೆ ಒಂಬತ್ತನೆಯ ತರಗತಿಗೆ ತಪ್ಪದೆ ಹೇಳುತ್ತಿದ್ದೆ. ಅದು ಪಠ್ಯದಲ್ಲಿ ಇರಲಿ, ಇಲ್ಲದಿರಲಿ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲಿನ ಬಿಡುವಿನ ದಿನಗಳು ಆ ಕಥೆಗೆ ಮೀಸಲಾಗಿದ್ದವು.

ಇಂದು ಆ ಕಥೆಯನ್ನು ಮತ್ತೆ ಹೇಳುವುದಕ್ಕಿಂತ, ಅದರ ಬಗ್ಗೆ ಸುಮಾರು ನಲವತ್ತು ವರ್ಷಗಳ ಹಿಂದೆ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಕೆಂದು ಕುಳಿತಿದ್ದೇನೆ. ಆ ದಿನ ನಾನು ಉತ್ತರ ಕೊಟ್ಟಿರಲಿಲ್ಲ.

ನಮ್ಮ ಊರಿನ ಮಕ್ಕಳಿಗೆ ಕ್ರಿಸ್ಮಸ್ ಎಂದರೆ ದೂರದ ಮಾತು. ಹಿಮ ಬೀಳುವ ಲಂಡನ್ ಇನ್ನೂ ದೂರ. ಆದ್ದರಿಂದ ನಾನು ಕಥೆಯನ್ನು ನಮ್ಮ ಬೆಲ್ಲದ ಪೇಟೆಗೆ ತಂದು ನಿಲ್ಲಿಸುತ್ತಿದ್ದೆ. ಎಬೆನೀಜರ್ ಸ್ಕ್ರೂಜ್ ಒಂದು ಅಡತಿ ಅಂಗಡಿಯ ಸಾವುಕಾರ. ಅವನ ಬಳಿ ಲೆಕ್ಕ ಬರೆಯುವ ಬಡ ಬಾಬ್ ಕ್ರಾಚಿಟ್ ಒಬ್ಬ ದಿವಾನಜಿ. ದೀಪಾವಳಿಯ ಲಕ್ಷ್ಮೀಪೂಜೆಯ ದಿನವೂ ದಿವಾನಜಿಗೆ ಬೇಗ ಮನೆಗೆ ಹೋಗಲು ಬಿಡದ, ಚಳಿಗೆ ನಡುಗುವವನ ಒಲೆಗೆ ಇನ್ನೊಂದು ಕೆಂಡ ಹಾಕಗೊಡದ ಯಜಮಾನ ಎಂದು ಹೇಳಿದ ಕೂಡಲೇ ತರಗತಿಯಲ್ಲಿ ಗುಸುಗುಸು ಏಳುತ್ತಿತ್ತು. ಎಲ್ಲರಿಗೂ ಅಂಥ ಒಬ್ಬ ಸಾವುಕಾರ ಗೊತ್ತಿರುತ್ತಿದ್ದ. ಸತ್ತು ಏಳು ವರ್ಷವಾಗಿದ್ದ ಪಾಲುದಾರ ಮಾರ್ಲಿ ಆ ರಾತ್ರಿ ಸರಪಳಿ ಎಳೆಯುತ್ತ ಬರುತ್ತಾನೆ. ಆ ಸರಪಳಿಯ ಕೊಂಡಿಗಳು ತಿಜೋರಿ, ಕೀಲಿಕೈ, ಬೀಗ, ಖಾತೆಯ ಪುಸ್ತಕಗಳು. "ಬದುಕಿದ್ದಾಗ ತಾನೇ ಒಂದೊಂದಾಗಿ ಬೆಸೆದುಕೊಂಡ ಸರಪಳಿ ಅದು" ಎಂದು ನಾನು ಹೇಳುವಾಗ ಕೊನೆಯ ಬೆಂಚಿನವರೂ ಬಾಯಿ ತೆರೆದು ಕೇಳುತ್ತಿದ್ದರು.

1984ರ ಸುಮಾರಿಗೆ, ಹೀಗೆಯೇ ಕಥೆ ಮುಗಿಸಿದಾಗ, ಆ ಕೊನೆಯ ಬೆಂಚಿನಿಂದ ನೇಕಾರರ ಮನೆಯ ಹುಡುಗನೊಬ್ಬ ಎದ್ದು ನಿಂತ. ಹಿಂದಿನ ವಾರವಷ್ಟೇ ಊರಲ್ಲಿ ದೊಡ್ಡಾಟ ನೋಡಿ ಬಂದಿದ್ದನಂತೆ. "ಸರ್, ನಮ್ಮ ದುರ್ಯೋಧನಗ ಇಂಥಾ ದೆವ್ವ ಯಾಕ ಬರಲಿಲ್ರಿ? ಬಂದಿದ್ರ ಅವನೂ ಸುಧಾರಸ್ತಿದ್ನಲ್ರಿ?" ಎಂದ. ತರಗತಿ ನಕ್ಕಿತು. ನಾನೂ ನಕ್ಕು, "ಅದು ಬೇರೆ, ಇದು ಬೇರೆ, ಕೂಡು" ಎಂದು ಗದರಿಸಿ ಗಂಟೆಯ ಕಡೆ ಕಿವಿಗೊಟ್ಟೆ. ಅದು ಬೇರೆಯಾಗಿರಲಿಲ್ಲ ಎಂಬುದು ನನಗೆ ಹೊಳೆಯಲು ಬಹಳ ವರ್ಷಗಳು ಬೇಕಾದವು.

ಮೊದಲು ಡಿಕನ್ಸನ ಪುಸ್ತಕ ಹುಟ್ಟಿದ ಬಗೆಯನ್ನು ಹೇಳಬೇಕು. 1824ರಲ್ಲಿ, ಡಿಕನ್ಸನಿಗೆ ಹನ್ನೆರಡು ವರ್ಷವಾಗಿದ್ದಾಗ, ಅವನ ತಂದೆಯನ್ನು ಸಾಲ ತೀರಿಸಲಾಗದ ಕಾರಣಕ್ಕೆ ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆಗೆ ಹಾಕಿದರು. ಬಾಲಕ ಶಾಲೆ ಬಿಟ್ಟು ಬೂಟುಮಸಿಯ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ನಿಂತ. ವಾರಕ್ಕೆ ಆರು ಶಿಲಿಂಗ್ ಕೂಲಿ. ಆ ಅವಮಾನವನ್ನು ಅವನು ಬದುಕಿನುದ್ದಕ್ಕೂ ಮುಚ್ಚಿಟ್ಟುಕೊಂಡಿದ್ದ. 1843ರಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಗತಿಯ ಬಗ್ಗೆ ಸರಕಾರಿ ಆಯೋಗದ ವರದಿ ಹೊರಬಿತ್ತು. ಅದನ್ನು ಓದಿ ಕಳವಳಗೊಂಡ ಡಿಕನ್ಸ್ ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಲು ಯೋಚಿಸಿದ. ಆ ಸೆಪ್ಟೆಂಬರಿನಲ್ಲಿ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿದ್ದ ಚಿಂದಿ ಬಟ್ಟೆಯ ಮಕ್ಕಳ ಶಾಲೆಯನ್ನು ಕಣ್ಣಾರೆ ಕಂಡ. ಅಕ್ಟೋಬರಿನ ಹೊತ್ತಿಗೆ ಕರಪತ್ರದ ಯೋಚನೆ ಕಥೆಯಾಗಿ ತಿರುಗಿತ್ತು. ಸುಮಾರು ಆರು ವಾರಗಳಲ್ಲಿ ಬರೆದು ಮುಗಿಸಿದ ಪುಸ್ತಕ 1843ರ ಡಿಸೆಂಬರ್ 19ರಂದು ಪ್ರಕಟವಾಗಿ, ಮೊದಲ ಮುದ್ರಣದ 6,000 ಪ್ರತಿಗಳೂ ಹಬ್ಬದ ಮುನ್ನಾದಿನದೊಳಗೆ ಮಾರಿಹೋದವು.

ಪುಸ್ತಕದ ಬೆಲೆ ಐದು ಶಿಲಿಂಗ್. ಕಥೆಯೊಳಗಿನ ಬಾಬ್ ಕ್ರಾಚಿಟ್‌ನ ವಾರದ ಸಂಬಳ ಹದಿನೈದು ಶಿಲಿಂಗ್. ಯಾರ ಕುರಿತು ಬರೆದನೋ ಅವರಿಗೆ ಆ ಪುಸ್ತಕವನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಈ ಕೊರತೆ ಡಿಕನ್ಸನನ್ನು ಕಾಡಿರಬೇಕು. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಈ ಕಥೆಯನ್ನು ಮೊದಲ ಬಾರಿಗೆ ಸಾರ್ವಜನಿಕವಾಗಿ ಓದಿದಾಗ, ಒಂದು ಸಂಜೆಯನ್ನು ದುಡಿಯುವ ಜನರಿಗೇ ಅಗ್ಗದ ದರದಲ್ಲಿ ಮೀಸಲಿಡಬೇಕೆಂದು ಅವನು ಪಟ್ಟು ಹಿಡಿದ.

ಇನ್ನು ಕಥೆಯ ಕಟ್ಟಡ. ಕ್ಯಾರೊಲ್ ಎಂದರೆ ಹಬ್ಬದ ಹಾಡು. ಆದ್ದರಿಂದ ಲೇಖಕ ತನ್ನ ಐದು ಭಾಗಗಳನ್ನು ಅಧ್ಯಾಯ ಎಂದು ಕರೆಯದೆ ಹಾಡಿನ ಪದದಿಂದ ಕರೆದ. ನಮ್ಮ ತತ್ವಪದಗಳ ಲೆಕ್ಕದಲ್ಲಿ ಹೇಳುವುದಾದರೆ ಐದು ನುಡಿಗಳು. ಮೊದಲ ನುಡಿ ಮಾರ್ಲಿಯದು, ನಡುವಿನ ಮೂರು ನುಡಿಗಳು ಭೂತ, ವರ್ತಮಾನ, ಭವಿಷ್ಯಗಳ ಮೂರು ಚೇತನಗಳವು, ಕೊನೆಯದು ಬೆಳಗಾದ ಮೇಲಿನದು. ನಾನು ಪರೀಕ್ಷೆಯಲ್ಲಿ "ಮೂರು ಚೇತನಗಳನ್ನು ವರ್ಣಿಸಿ" ಎಂದು ಕೇಳುತ್ತಿದ್ದೆ, ನೀವು ಉಡುಗೆ ತೊಡುಗೆಗಳನ್ನು ವರ್ಣಿಸಿ ಬರೆಯುತ್ತಿದ್ದಿರಿ. ಕೇಳಬೇಕಾದದ್ದು ಬೇರೆ ಇತ್ತು: ಈ ಮೂವರೂ ಸ್ಕ್ರೂಜನ ಮನಸ್ಸಿನಲ್ಲಿ ಮಾಡುವ ಕೆಲಸವೇನು?

ಮೊದಲನೆಯ ಚೇತನ ಅವನಿಗೆ ಅವನನ್ನೇ ತೋರಿಸುತ್ತದೆ. ಹಬ್ಬದ ರಜೆಗೆ ಗೆಳೆಯರೆಲ್ಲ ಮನೆಗೆ ಹೋದಾಗ ಶಾಲೆಯಲ್ಲಿ ಒಂಟಿಯಾಗಿ ಉಳಿದು ಓದುತ್ತ ಕುಳಿತ ಹುಡುಗ. ಅವನನ್ನು ಕಂಡು ಮುದುಕನಿಗೆ ಅಳು ಬರುತ್ತದೆ. ಒಡನೆಯೇ ಒಂದು ಸಣ್ಣ ಮಾತು ಅವನ ಬಾಯಿಂದ ಹೊರಡುತ್ತದೆ: ಹಿಂದಿನ ಸಂಜೆ ತನ್ನ ಬಾಗಿಲಿಗೆ ಹಾಡುತ್ತ ಬಂದ ಹುಡುಗನಿಗೆ ಏನಾದರೂ ಕೊಡಬೇಕಿತ್ತು ಎಂದು. ಇಡೀ ಕಥೆಯ ತಿರುವು ನನಗೆ ಕಾಣುವುದು ಇಲ್ಲಿಯೇ. ಹಳೆಯ ದುಃಖವು ಅವನನ್ನು ಹಿಂದಕ್ಕೆ ಎಳೆಯದೆ, ನಿನ್ನೆ ಬಾಗಿಲಲ್ಲಿ ನಿಂತ, ಇನ್ನೂ ಬದುಕಿರುವ ಹುಡುಗನತ್ತ ಕಳಿಸುತ್ತದೆ. ಎರಡನೆಯ ಚೇತನ ಕ್ರಾಚಿಟ್‌ನ ಮನೆಯನ್ನೂ, ಊರುಗೋಲು ಹಿಡಿದ ಕುಂಟ ಮಗು ಟೈನಿ ಟಿಮ್‌ನನ್ನೂ ತೋರಿಸಿ, ಬಡವರ ಬಗ್ಗೆ ಸ್ಕ್ರೂಜ್ ಆಡಿದ್ದ ಕಟು ಮಾತುಗಳನ್ನು ಅವನಿಗೇ ತಿರುಗಿ ಒಪ್ಪಿಸುತ್ತದೆ. ಮೂರನೆಯದು ಮಾತೇ ಆಡುವುದಿಲ್ಲ. ಅದು ತೋರಿಸುವ ಸಾವಿಗೆ ಅಳುವವರಿಲ್ಲ, ಆ ಸಾವಿನಿಂದ ಸಾಲಗಾರರಿಗೆ ಸಮಾಧಾನವಾಗುತ್ತದೆ. ಟಿಮ್‌ನ ಕುರ್ಚಿ ಬರಿದಾಗಿರುತ್ತದೆ. ತನ್ನ ಹೆಸರಿನ ಗೋರಿಕಲ್ಲಿನ ಮುಂದೆ ಸ್ಕ್ರೂಜ್ ಕೇಳುವುದು ಒಂದೇ ಪ್ರಶ್ನೆ: ಇವು ಆಗಿಯೇ ತೀರುವ ಸಂಗತಿಗಳೋ, ಆಗಬಹುದಾದವುಗಳೋ?

ಆದರೆ ಇಷ್ಟು ವರ್ಷಗಳ ಮೇಲೆ ನನ್ನನ್ನು ಹೆಚ್ಚು ಕಾಡುವ ಚಿತ್ರ ಮೊದಲ ನುಡಿಯ ಕೊನೆಯಲ್ಲಿದೆ. ಮಾರ್ಲಿ ಕಿಟಕಿಯಿಂದ ಹೊರಗೆ ತೇಲಿಹೋದ ಮೇಲೆ ಸ್ಕ್ರೂಜ್ ಹೊರಗೆ ಇಣುಕುತ್ತಾನೆ. ಗಾಳಿಯ ತುಂಬ ಪ್ರೇತಗಳು. ಕೆಳಗೆ ಮನೆಯೊಂದರ ಬಾಗಿಲ ಮೆಟ್ಟಿಲ ಮೇಲೆ ಕೂಸನ್ನು ಹಿಡಿದು ಕುಳಿತ ನಿರ್ಗತಿಕ ಹೆಂಗಸು. ಅವಳಿಗೆ ಸಹಾಯ ಮಾಡಲಾಗದೆ ಒಂದು ಪ್ರೇತ ಗೋಳಾಡುತ್ತಿರುತ್ತದೆ. ನಮ್ಮ ಕಡೆಯ ದೆವ್ವಗಳು ತೀರದ ಆಸೆಗಾಗಿ ಅಲೆಯುತ್ತವೆ ಎನ್ನುತ್ತಾರೆ. ಡಿಕನ್ಸನ ದೆವ್ವಗಳ ಸಂಕಟ ಬೇರೆ. ಅವುಗಳಿಗೆ ಈಗ ಒಳ್ಳೆಯದನ್ನು ಮಾಡುವ ಮನಸ್ಸಿದೆ, ಮಾಡುವ ಕೈ ಇಲ್ಲ. ಸ್ಕ್ರೂಜನಿಗೆ ಕೈ ಇನ್ನೂ ಇದೆ. ಮಾರ್ಲಿ ಬಂದದ್ದು ಇದನ್ನು ತಿಳಿಸುವುದಕ್ಕೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ದುರ್ಯೋಧನನಿಗೆ ದೆವ್ವ ಏಕೆ ಬರಲಿಲ್ಲ? ಬಂದಿತ್ತು. ಅದನ್ನು ಬರೆದ ಕವಿಯೂ ನಮ್ಮ ನೆರೆಯವನೇ.

ಮಹಾಲಿಂಗಪುರದಿಂದ ಮುಧೋಳಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಆ ಮುಧೋಳವೇ ಹತ್ತನೆಯ ಶತಮಾನದ ಮುದುವೊಳಲು. ಕವಿಚಕ್ರವರ್ತಿ ರನ್ನ 949ರಲ್ಲಿ ಅಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಊರು ಜಂಬುಖಂಡಿ ಎಪ್ಪತ್ತರಲ್ಲಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅದು ನಮ್ಮ ಇಂದಿನ ಜಮಖಂಡಿ. ನಮ್ಮ ಹತ್ತಿರದ ಬೆಳಗಲಿಯ ಜನರಂತೂ ಕವಿಯ ಹೆಸರನ್ನು ಊರಿನ ಹೆಸರಿಗೇ ಸೇರಿಸಿಕೊಂಡು ರನ್ನ ಬೆಳಗಲಿ ಎನ್ನುತ್ತಾರೆ. ಬಳೆಗಾರರ ಹುಡುಗ ವಿದ್ಯೆಯನ್ನರಸಿ ದಕ್ಷಿಣಕ್ಕೆ ನಡೆದು, ಚಾವುಂಡರಾಯನ ಆಸರೆಯಲ್ಲಿ, ಅಜಿತಸೇನಾಚಾರ್ಯರ ಬಳಿ ಕಲಿತು, ಮುಂದೆ ಚಾಲುಕ್ಯ ತೈಲಪ ಮತ್ತು ಅವನ ಮಗ ಸತ್ಯಾಶ್ರಯರ ಆಸ್ಥಾನದಲ್ಲಿ ಬೆಳಗಿದ.

ಅವನ 'ಗದಾಯುದ್ಧ'ದ ಇನ್ನೊಂದು ಹೆಸರು 'ಸಾಹಸಭೀಮವಿಜಯ'. ಒಡೆಯನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯವಾದ್ದರಿಂದ ನಾಯಕ ಭೀಮನೇ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಕವಿ ಮಹಾಭಾರತವನ್ನು ಮೊದಲಿನಿಂದ ಹೇಳುವುದಿಲ್ಲ. ಯುದ್ಧದ ಕೊನೆಯ ದಿನದಲ್ಲಿ ನಿಂತು, ಸಿಂಹವು ಹಿಂತಿರುಗಿ ನೋಡುವಂತೆ, ಆದದ್ದನ್ನೆಲ್ಲ ನೋಡುತ್ತಾನೆ. ಒಂದು ರಾತ್ರಿಯೊಳಗೆ ಇಡೀ ಬದುಕನ್ನು ತೋರಿಸಿದ ಡಿಕನ್ಸನ ಉಪಾಯಕ್ಕೆ ಇದು ದೂರದ್ದೇನಲ್ಲ.

ಧೃತರಾಷ್ಟ್ರ ಗಾಂಧಾರಿಯರು ಮಗನ ಬಳಿಗೆ ಬಂದು, ಹೋದವರು ಹೋದರು, ನೀನೊಬ್ಬನಾದರೂ ಉಳಿ, ಸಂಧಿ ಮಾಡಿಕೋ ಎಂದು ಬೇಡುತ್ತಾರೆ. ಅವನು ಒಪ್ಪುವುದಿಲ್ಲ. ಬಳಿಕ ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ಸಂಜಯನ ಕೈ ಹಿಡಿದು ಹೆಣಗಳ ನಡುವೆ ನಡೆಯುತ್ತಾನೆ. ಆ ದಾರಿಯಲ್ಲಿ ರಣರಂಗದ ಮರುಳುಗಳು ಅವನನ್ನು ಎದುರುಗೊಂಡು ಹಂಗಿಸುತ್ತವೆ. ಹಳಗನ್ನಡದಲ್ಲಿ ಮರುಳು ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಇಬ್ಬರಲ್ಲಿ ನಿಜವಾದ ಮರುಳು ಯಾರು ಎಂಬ ಪ್ರಶ್ನೆಯನ್ನು ರನ್ನ ಆ ಒಂದೇ ಪದದೊಳಗೆ ಇಟ್ಟಿದ್ದಾನೆ. ಸ್ಕ್ರೂಜನಿಗೆ ಎರಡನೆಯ ಚೇತನ ಮಾಡಿದ್ದು ಇದನ್ನೇ.

ಮುಂದೆ ಗುರು ದ್ರೋಣನ ಹೆಣ. ಶತ್ರುವಿನ ಮಗನಾದರೂ ಅಭಿಮನ್ಯುವಿನ ಹೆಣದ ಮುಂದೆ ಅವನು ಕೈ ಮುಗಿದು, ತನಗೂ ಅಂಥ ಸಾವು ಬರಲೆಂದು ಹಾರೈಸುತ್ತಾನೆ. ಮಗ ಲಕ್ಷಣಕುಮಾರನನ್ನು ಕಂಡು, ಮಗ ತಂದೆಗೆ ಮಾಡಬೇಕಾದ ಕ್ರಿಯೆಯನ್ನು ತಂದೆ ಮಗನಿಗೆ ಮಾಡುವಂತಾಯಿತಲ್ಲ ಎಂದು ಮರುಗುತ್ತಾನೆ. ದುಶ್ಶಾಸನನನ್ನು ಕಂಡಾಗ, ತಾಯಿಯ ಹಾಲಿನಿಂದ ಹಿಡಿದು ಎಲ್ಲದರಲ್ಲಿಯೂ ಅಣ್ಣನ ಹಿಂದೆಯೇ ಬಂದವನು ಸಾವಿನಲ್ಲಿ ಮಾತ್ರ ಮುಂದಾದನೆಂದು ಅಳುತ್ತಾನೆ. ಕಡೆಗೆ ಕರ್ಣ. ಈ ಮನುಷ್ಯನಿಗೆ ಹೃದಯವಿರಲಿಲ್ಲವೆಂದು ಯಾರೂ ಹೇಳಲಾರರು. ಆ ರಾತ್ರಿ ಸ್ಕ್ರೂಜ್ ಅತ್ತದ್ದಕ್ಕಿಂತ ದುರ್ಯೋಧನ ಹೆಚ್ಚು ಅತ್ತ.

ಆದರೂ ಅವನು ಬದಲಾಗಲಿಲ್ಲ. ಭೀಷ್ಮನೂ ಸಂಧಿಯ ಮಾತನ್ನಾಡಿದಾಗ, ತಾನು ಕಾದುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂದ. ಕರ್ಣನನ್ನೂ ದುಶ್ಶಾಸನನನ್ನೂ ಕೊಂದವರೊಡನೆ ಕೂಡಿ ಬಾಳುವುದು ಹೇಗೆ ಎಂದ. ವೈಶಂಪಾಯನ ಸರೋವರದಲ್ಲಿ ಅಡಗಿದ, ಭೀಮನ ಕೂಗಿಗೆ ನೀರೊಳಗೇ ಬೆವರಿ ಎದ್ದು ಬಂದ, ತೊಡೆ ಮುರಿದು ಬಿದ್ದ.

ಇದೇ ಸರಣಿಯಲ್ಲಿ ಇನ್ನೊಂದು ಕನ್ನಡ ಕಾವ್ಯವನ್ನು ನೆನೆಯಬೇಕು. ಅದು ಬದಲಾದವನ ಕಥೆ. 1209ರಲ್ಲಿ ಹೊಯ್ಸಳ ವೀರಬಲ್ಲಾಳನ ಕವಿ ಜನ್ನ ಬರೆದ 'ಯಶೋಧರ ಚರಿತೆ'. ಮಾರಿದತ್ತನೆಂಬ ಅರಸ ಚಂಡಮಾರಿಗೆ ಬಲಿಕೊಡಲು ಇಬ್ಬರು ಎಳೆಯರನ್ನು ಹಿಡಿದು ತರಿಸುತ್ತಾನೆ. ಅಭಯರುಚಿ, ಅಭಯಮತಿ ಎಂಬ ಆ ಮಕ್ಕಳು ಬೆದರದೆ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ಹಿಂದೆ ಯಶೋಧರ ರಾಜ ಮತ್ತು ಅವನ ತಾಯಿ ಚಂದ್ರಮತಿಯಾಗಿದ್ದಾಗ ತಾವು ಕೊಟ್ಟದ್ದು ಹಿಟ್ಟಿನ ಕೋಳಿಯ ಬಲಿಯಷ್ಟೇ, ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ನವಿಲಾಗಿ, ನಾಯಾಗಿ, ಜನ್ಮಜನ್ಮ ತೊಳಲಿದೆವು ಎನ್ನುತ್ತಾರೆ. ಕೇಳಿದ ಮಾರಿದತ್ತನ ಕೈ ಕೆಳಗಿಳಿಯುತ್ತದೆ. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕಕ್ಕೆ ಮೂಲವಾದದ್ದು ಈ ಕಥೆಯೇ. ಡಿಕನ್ಸನಿಗಿಂತ ಆರು ನೂರು ವರ್ಷಗಳಿಗೂ ಮೊದಲು ಕನ್ನಡದಲ್ಲಿ, ಕಳೆದುಹೋದುದನ್ನು ತೋರಿಸಿ ಒಬ್ಬ ಕ್ರೂರಿಯನ್ನು ತಿರುಗಿಸಿದ ಕಥೆ ಇತ್ತು.

ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತಿಳಿದದ್ದು ಇಷ್ಟು. ಮೂವರಿಗೂ ಕಾಣಿಸಬೇಕಾದದ್ದು ಕಾಣಿಸಿತು. ಕಾಣಿಸುವುದೊಂದರಿಂದಲೇ ಮನುಷ್ಯ ಬದಲಾಗುವುದಿಲ್ಲ. ಮಾರಿದತ್ತನ ಮುಂದೆ ಇಬ್ಬರು ಮಕ್ಕಳು ಉಸಿರಾಡುತ್ತ ನಿಂತಿದ್ದರು, ಅವನು ಅವರನ್ನು ನೋಡಿದ. ಸ್ಕ್ರೂಜ್ ಬೆಳಗಾದೊಡನೆ ಕೇಳಿದ್ದು ಇಂದು ಯಾವ ದಿನ ಎಂದು, ಟೈನಿ ಟಿಮ್ ಇನ್ನೂ ಬದುಕಿದ್ದ. ದುರ್ಯೋಧನ ಮಾತ್ರ ಸತ್ತವರ ಋಣದ ಖಾತೆಯನ್ನೇ ತೆರೆದುಕೊಂಡು ಕುಳಿತ. ಆ ನಿಷ್ಠೆ ದೊಡ್ಡದು, ಆದ್ದರಿಂದಲೇ ರನ್ನನ ಕಾವ್ಯ ದೊಡ್ಡದು. ಆದರೆ ಅದೂ ಒಂದು ಸರಪಳಿಯೇ.

ಇಷ್ಟು ಬರೆದು ನಿಲ್ಲಿಸಿದರೆ ಇದು ಮಾಸ್ತರನೊಬ್ಬನ ಪಾಠವಾಗಿ ಉಳಿಯುತ್ತದೆ. ಉಳಿದದ್ದನ್ನೂ ಹೇಳಲೇಬೇಕು.

ಪ್ರಶ್ನೆ ಕೇಳಿದ ಆ ಹುಡುಗ ತರಗತಿಯಲ್ಲಿ ಆಗಾಗ ತೂಕಡಿಸುತ್ತಿದ್ದ. ಕಥೆಯ ದಿನದ ಮುಂದಿನ ವಾರ ನಾನು ಅವನನ್ನು ಎಲ್ಲರೆದುರು ಬೈದು ಇಡೀ ಅವಧಿ ಹೊರಗೆ ನಿಲ್ಲಿಸಿದೆ. ಅವನು ರಾತ್ರಿಯೆಲ್ಲ ಕಂಡಿಕೆ ಸುತ್ತಿ, ತಂದೆಯ ಮಗ್ಗಕ್ಕೆ ಕೈಗೂಡಿಸಿ ಬರುತ್ತಿದ್ದನೆಂಬುದು ನನಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವನು ಶಾಲೆ ಬಿಟ್ಟಿದ್ದ. ಅವನ ಮನೆ ನಾನು ಸಂತೆಗೆ ಹೋಗುವ ದಾರಿಯಲ್ಲಿಯೇ ಇತ್ತು. ಒಂದು ಸಂಜೆ ಒಳಗೆ ಹೋಗಿ, "ನಾಳೆಯಿಂದ ಬಾ" ಎನ್ನಬೇಕೆಂದು ಎಷ್ಟು ಸಲ ಅಂದುಕೊಂಡೆನೋ! ಗುರುವಾದವನು ತಾನಾಗಿ ಶಿಷ್ಯನ ಮನೆಯ ಹೊಸ್ತಿಲಿಗೆ ಹೋಗುವುದೆ ಎಂಬ ಒಂದು ಬಿಗುಮಾನ ಕಾಲನ್ನು ಹಿಡಿಯುತ್ತಿತ್ತು. ಅದಕ್ಕೆ ಛಲವೆಂದು ಹೆಸರಿಡುವಷ್ಟು ದೊಡ್ಡತನವೂ ಇರಲಿಲ್ಲ. ಮಗ್ಗದ ಸದ್ದು ಕೇಳುತ್ತಲೇ ಆ ಬಾಗಿಲನ್ನು ದಾಟಿ ಹೋಗುತ್ತಿದ್ದೆ. ಇಪ್ಪತ್ತು ವರ್ಷ ಹಾಗೆ ದಾಟಿದೆ. ಅದೇ ವರ್ಷಗಳಲ್ಲಿ, ಪ್ರತಿ ಡಿಸೆಂಬರಿನಲ್ಲಿಯೂ, ಸ್ಕ್ರೂಜನ ಪರಿವರ್ತನೆಯನ್ನು ಗಂಟಲು ಕಟ್ಟುವಂತೆ ಪಾಠ ಹೇಳುತ್ತಿದ್ದೆ.

ನಿವೃತ್ತನಾದ ಮೇಲೆ, 2006ರಲ್ಲಿ, ಒಂದು ದಿನ ಹೋದೆ. ಅವನು ಮಗ್ಗದಿಂದ ಎದ್ದು ಬಂದು ಕಾಲಿಗೆರಗಿದ. ಅವನ ಹೆಂಡತಿ ಚಹಾ ತಂದಿಟ್ಟಳು. ನಾನು ಹೇಳಬೇಕೆಂದು ಹೋದದ್ದನ್ನು ಹೇಳಿದೆ. ಅವನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಅವತ್ತ ಬಂದಿದ್ರ ನಾ ಸಾಲಿಗಿ ಬರತಿದ್ನೋ ಏನೋ ಸರ್. ಈಗ ಅದನ್ನ ಬಿಡ್ರಿ" ಎಂದ. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಏಳುವಾಗ ಅವನು ಒಳಗಿನಿಂದ ಮಗಳನ್ನು ಕರೆದ. ಎಂಟನೆಯ ತರಗತಿಯ ಹುಡುಗಿ. "ಇಕಿಗಿ ಇಂಗ್ಲೀಷ್ ಒಂದ್ ಕೈಗೆ ಹತ್ತವಲ್ದು ಸರ್, ಸ್ವಲ್ಪ ಹೇಳಿಕೊಡ್ತೀರೇನ್ರಿ?" ಎಂದು ಕೇಳಿದ. ಎರಡು ವರ್ಷಕ್ಕೂ ಹೆಚ್ಚು ಕಾಲ ಅವಳು ಸಂಜೆ ನಮ್ಮ ಮನೆಗೆ ಬಂದು ಓದಿದಳು. ಈಗ ಓದು ಮುಗಿಸಿ ನೌಕರಿಯಲ್ಲಿದ್ದಾಳೆ. ಇದನ್ನು ಹೇಳಿ ನನ್ನ ಲೆಕ್ಕ ಚುಕ್ತಾ ಆಯಿತೆನ್ನುವುದಿಲ್ಲ. ತಂದೆಯಿಂದ ಕಳೆದದ್ದನ್ನು ಮಗಳಿಗೆ ಕೊಟ್ಟು ತೀರಿಸಲಾಗುವುದಿಲ್ಲ. 1984ರ ಆ ಹುಡುಗನಿಗೆ ಕೊಡಬೇಕಾದದ್ದು ಕೊಡದೇ ಉಳಿಯಿತು. ಮಗಳು ಎದುರಿಗಿದ್ದಳು, ಅಷ್ಟೇ.

ಇತ್ತೀಚೆಗೆ ಅವನು ನಮ್ಮ ಮನೆಗೆ ಬಂದಿದ್ದಾಗ ಅವನ ಹಳೆಯ ಪ್ರಶ್ನೆಯನ್ನು ನೆನಪಿಸಿದೆ. ಅವನಿಗೆ ಅದು ಮರೆತೇ ಹೋಗಿತ್ತು. ಮೇಲೆ ಬರೆದದ್ದನ್ನೆಲ್ಲ ನನ್ನ ಮಾಸ್ತರಿಕೆಯ ರೀತಿಯಲ್ಲಿ ವಿವರಿಸಿ, "ದುರ್ಯೋಧನಗೂ ದೆವ್ವ ಬಂದಿತ್ತಪ್ಪ, ಆದ್ರ ಅಷ್ಟೊತ್ತಿಗೆ ತಡ ಆಗಿತ್ತು, ತನ್ನವರೆಲ್ಲ ಸತ್ತಿದ್ರು" ಎಂದೆ.

ಅವನು ಚಹಾದ ಬಟ್ಟಲನ್ನು ಕೆಳಗಿಟ್ಟು ನನ್ನನ್ನು ನೋಡಿದ. "ಎಲ್ಲಾರೂ ಎಲ್ಲಿ ಸತ್ತಿದ್ರು ಸರ್? ಅವ್ವ ಅಪ್ಪ ಇನ್ನೂ ಇದ್ರಲ್ರಿ" ಎಂದ.

ನಾನು ನಲವತ್ತು ವರ್ಷ ತಡಮಾಡಿದ ಉತ್ತರವನ್ನು ಅವನೇ ಕೊಟ್ಟ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ, ಹೆಸರು ಬೇಡವೆಂದ, ಬರೆದಿಲ್ಲ. ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ದಾಟಿ ಹೋಗುತ್ತಿರುವ ಒಂದು ಬಾಗಿಲು ಇದ್ದರೆ, ಒಳಗಿನಿಂದ ಮಗ್ಗದ ಸದ್ದು ಇನ್ನೂ ಕೇಳುತ್ತಿದ್ದರೆ, ಈ ಮುದುಕ ಮಾಸ್ತರನ ಮಾತು ಕೇಳಿ, ಇಂದು ಸಂಜೆಯೇ ಹೋಗಿ ಬನ್ನಿರಿ.